ಹ್ಯಾಕ್ ಆದ ಜಾಲತಾಣಕ್ಕೆ ಹೋಗಿ ಬಂದವರ ಕಂಪ್ಯೂಟರ್ ಕಥೆಯೇನು?

ಮಾನ್ಯ ಸಂಪಾದಕರೇ,

ಜಾಲತಾಣವೊಂದು ಹ್ಯಾಕ್ ಆದ ಸುದ್ದಿ ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಮುಗಿಯುತ್ತದೆ: ‘ಸಿಬ್ಬಂದಿ ಸರಿಪಡಿಸಿದ್ದಾರೆ, ತಾಣ ಎಂದಿನಂತೆ ಕೆಲಸ ಮಾಡುತ್ತಿದೆ.’ ತಾಣದವರ ಪಾಲಿಗೆ ಅಲ್ಲಿಗೆ ಮುಗಿಯಿತು. ಅದು ಕೆಟ್ಟಿದ್ದ ದಿನಗಳಲ್ಲಿ ಫಲಿತಾಂಶ ನೋಡಲು, ಅರ್ಜಿ ಇಳಿಸಿಕೊಳ್ಳಲು, ಸೇವೆಯ ದರ ತಿಳಿಯಲು ಹೋಗಿ ಬಂದವರ ಮನೆಯ ಕಂಪ್ಯೂಟರ್ ಏನಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳುವವರೂ ‘ಒಳ್ಳೆಯ ಆ್ಯಂಟಿವೈರಸ್ ಹಾಕಿಸಿಕೊಳ್ಳಿ’ ಎಂದು ಒಂದು ಸಾಲು ಸೇರಿಸಿ ಸುಮ್ಮನಾಗುತ್ತಾರೆ. ಈಗಿನ ದಾಳಿಗಳಿಗೆ ಆ ಸಾಲು ಅರ್ಧ ಉತ್ತರವೂ ಅಲ್ಲ. ಅಂಥ ತಾಣಕ್ಕೆ ಹೋಗಿ ಬಂದವರು ಮನೆಯಲ್ಲೇ ಏನೇನು ನೋಡಬಹುದು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಓದುಗರ ಮುಂದಿಡಲು ಈ ಪತ್ರ.

ಪುಟವನ್ನು ನೋಡಿದ್ದಷ್ಟೇ ಆದರೆ ಒಂದು ಲೆಕ್ಕ. ಅದು ಹೇಳಿದ್ದನ್ನು ಮಾಡಿದ್ದರೆ ಬೇರೆಯೇ ಲೆಕ್ಕ. ಹತ್ತು ವರ್ಷಗಳ ಹಿಂದೆ ಪುಟ ತೆರೆದರೇ ಸಾಕಿತ್ತು, ಬ್ರೌಸರ್‌ನೊಳಗಿನ ಫ್ಲ್ಯಾಶ್ ಅಥವಾ ಜಾವಾ ಎಂಬ ಹೆಚ್ಚುವರಿ ತಂತ್ರಾಂಶದ ದೋಷ ಬಳಸಿಕೊಂಡು ಕುತಂತ್ರಾಂಶ ತಾನಾಗಿ ಒಳಗಿಳಿಯುತ್ತಿತ್ತು. ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು; ಬ್ರೌಸರ್‌ಗಳೂ ಗಟ್ಟಿಯಾದವು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ನ ಹೊಸ ಆವೃತ್ತಿ ಇದ್ದು, ವಿಂಡೋಸ್ ಅಪ್‌ಡೇಟ್ ಆಗುತ್ತಿದ್ದರೆ ಬರೀ ಪುಟ ನೋಡಿದ್ದರಿಂದ ಕಂಪ್ಯೂಟರ್ ಕೆಡುವುದು ಇಂದು ಅಪರೂಪ. ಆದರೆ ಈ ಮಾತು ಹಳೆಯ ಯಂತ್ರಗಳಿಗೆ ಹೊಂದುವುದಿಲ್ಲ. ವಿಂಡೋಸ್ 7 ಮತ್ತು 8.1ರಲ್ಲಿ ಓಡುವ ಕೊನೆಯ ಕ್ರೋಮ್ 109. ಅದು ಬಂದದ್ದು 2023ರ ಜನವರಿಯಲ್ಲಿ. ಆಮೇಲೆ ಪತ್ತೆಯಾದ ದೋಷಗಳಿಗೆ ಆ ಕ್ರೋಮ್‌ನಲ್ಲಿ ತೇಪೆ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳು, ಹಳೆಯ ಪೇಜ್‌ಮೇಕರ್ ಕಡತಗಳ ಸಲುವಾಗಿ ವಿಂಡೋಸ್ 7 ಇಟ್ಟುಕೊಂಡಿರುವ ಡಿಟಿಪಿ ಕೆಲಸದವರು ಆ ಯಂತ್ರವನ್ನು ಇಂಟರ್ನೆಟ್‌ನಿಂದ ದೂರವಿಟ್ಟರೆ ಒಳ್ಳೆಯದು. ಕಡತಗಳನ್ನು ಬೇರೆ ಕಂಪ್ಯೂಟರಿನಿಂದ ಕಳಿಸಿದರಾಯಿತು.

ತಾಣದ ಬಗ್ಗೆ ಅನುಮಾನ ಬಂದ ತಕ್ಷಣ ಬಹಳ ಜನ ಮಾಡುವ ಮೊದಲ ಕೆಲಸ ಬ್ರೌಸರ್ ಹಿಸ್ಟರಿ ಅಳಿಸುವುದು. ದಯವಿಟ್ಟು ಅಳಿಸಬೇಡಿ. ಕಂಟ್ರೋಲ್ ಮತ್ತು ಎಚ್ ಒತ್ತಿ, ಆ ತಾಣಕ್ಕೆ ಹೋದ ದಿನ, ಗಂಟೆ, ನಿಮಿಷವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನ ಹುಡುಕಾಟಕ್ಕೆಲ್ಲ ಆ ಹೊತ್ತೇ ಆಧಾರ. ನಂತರ ಕಂಟ್ರೋಲ್ ಮತ್ತು ಜೆ ಒತ್ತಿ, ಆ ಹೊತ್ತಿನಲ್ಲಿ ಏನಾದರೂ ಡೌನ್‌ಲೋಡ್ ಆಗಿದೆಯೇ ನೋಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ಕೆ ಮಾಡಿದರೆ ಹೆಸರಿನ ಬಾಲ ಪೂರ್ತಿ ಕಾಣುತ್ತದೆ. ಇಲ್ಲದಿದ್ದರೆ ಪಿಡಿಎಫ್ ಎಂದುಕೊಂಡದ್ದು ಎಕ್ಸ್ಇ ಆಗಿರಬಹುದು. ಎಕ್ಸ್ಇ, ಎಂಎಸ್ಐ, ಜೆಎಸ್, ಎಚ್‌ಟಿಎ, ಎಲ್‌ಎನ್‌ಕೆ, ಐಎಸ್ಒ ಬಾಲದ ಕಡತಗಳು, ಅವನ್ನು ಒಳಗಿಟ್ಟುಕೊಂಡ ಜಿಪ್‌ಗಳು ಅನುಮಾನಕ್ಕೆ ಅರ್ಹ. ಇಳಿದದ್ದು ತೆರೆಯದೆ ಬಿದ್ದಿದ್ದರೆ ಅಪಾಯವಿಲ್ಲ. ಶಿಫ್ಟ್ ಹಿಡಿದು ಡಿಲೀಟ್ ಮಾಡಿದರೆ ಸಾಕು.

ಹ್ಯಾಕ್ ಆದ ತಾಣಗಳು ಈಗ ನೋಡುಗರ ಕೈಯಿಂದಲೇ ಕೆಲಸ ಮಾಡಿಸುತ್ತವೆ. ಅದರಲ್ಲಿ ಒಂದು ಬಗೆ ಹಳೆಯದು. ‘ನಿಮ್ಮ ಕ್ರೋಮ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ’ ಎಂಬ ಪುಟ ಬರುತ್ತದೆ, ಒತ್ತಿದರೆ ಜಿಪ್ ಇಳಿಯುತ್ತದೆ, ಅದರೊಳಗೆ ಜೆಎಸ್ ಕಡತವೊಂದಿರುತ್ತದೆ. ಎರಡು ಸಲ ಕ್ಲಿಕ್ ಮಾಡಿದರೆ ವಿಂಡೋಸ್ ಅದನ್ನು ಬ್ರೌಸರ್‌ನ ಹೊರಗೆ ಪ್ರೋಗ್ರಾಂ ಆಗಿ ಓಡಿಸುತ್ತದೆ. ಭದ್ರತಾ ವಲಯದಲ್ಲಿ ಸೊಕ್‌ಗೋಲಿಷ್ ಎಂದು ಕರೆಯುವ ಈ ತಂತ್ರಕ್ಕೆ ವರ್ಷಗಳಿಂದ ಮೇವಾಗಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿ, ಸರಿಯಾಗಿ ನೋಡಿಕೊಳ್ಳದ ತಾಣಗಳು. ಬ್ರೌಸರ್ ಎಂದೂ ಜಿಪ್ ಕಳಿಸಿ ಅಪ್‌ಡೇಟ್ ಮಾಡಿಕೊಳ್ಳುವುದಿಲ್ಲ, ಅದರ ಮೆನುವಿನ ‘ಅಬೌಟ್’ ಪುಟದಲ್ಲೇ ಆ ಕೆಲಸ ಆಗುತ್ತದೆ. ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಜೆಎಸ್ ಬಾಲದ ಕಡತಗಳನ್ನು ನೋಟ್‌ಪ್ಯಾಡ್ ತೆರೆಯುವಂತೆ ಬದಲಿಸಿಟ್ಟರೆ ಈ ಬಗೆಯ ಅರ್ಧ ಹಲ್ಲು ಮುರಿದಂತೆ.

ಇನ್ನೊಂದು ಬಗೆ 2024ರಿಂದೀಚೆಗೆ ಹಬ್ಬಿದ್ದು, ಹೆಸರು ಕ್ಲಿಕ್‌ಫಿಕ್ಸ್. ‘ನೀವು ರೋಬಾಟ್ ಅಲ್ಲ ಎಂದು ಸಾಬೀತುಪಡಿಸಿ’ ಎಂಬ ಚೌಕ ಬರುತ್ತದೆ. ಟಿಕ್ ಮಾಡಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಜತೆ ಆರ್, ಕಂಟ್ರೋಲ್ ಜತೆ ವಿ, ಕೊನೆಗೆ ಎಂಟರ್. ನೀವು ಟಿಕ್ ಮಾಡಿದಾಗಲೇ ಪುಟ ಒಂದು ಆದೇಶವನ್ನು ಸದ್ದಿಲ್ಲದೆ ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ಹಾಕಿರುತ್ತದೆ. ಉಳಿದದ್ದು ನಿಮ್ಮದೇ ಬೆರಳಿನ ಕೆಲಸ. ವಿಂಡೋಸ್ ಕೀ ಜತೆ ಆರ್ ಒತ್ತಿದಾಗ ತೆರೆಯುವ ರನ್ ಪೆಟ್ಟಿಗೆ ಸಣ್ಣದು, ಉದ್ದ ಸಾಲಿನ ಕೊನೆಯ ತುಂಡು ಮಾತ್ರ ಅದರಲ್ಲಿ ಕಾಣುತ್ತದೆ. ಅದನ್ನು ತಿಳಿದೇ ಆ ಕೊನೆಯಲ್ಲಿ ‘ನಾನು ರೋಬಾಟ್ ಅಲ್ಲ, ಪರಿಶೀಲನಾ ಸಂಖ್ಯೆ ಇಷ್ಟು’ ಎಂಬ ಸುಳ್ಳು ಬರಹ ಸೇರಿಸಿರುತ್ತಾರೆ. ಪವರ್‌ಶೆಲ್‌ನ (ವಿಂಡೋಸ್‌ಗೆ ಬರಹದಲ್ಲಿ ಆದೇಶ ಕೊಡುವ ಸಾಧನ) ಆದೇಶ ಎಡಕ್ಕೆ ಸರಿದು ಮರೆಯಾಗಿರುತ್ತದೆ. ಬ್ರೌಸರ್‌ನ ರಕ್ಷಣೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಆದೇಶ ಓಡಿದ್ದು ಬ್ರೌಸರ್‌ನ ಹೊರಗೆ. ರನ್ ಪೆಟ್ಟಿಗೆಯ ಬದಲು ಟರ್ಮಿನಲ್‌ನಲ್ಲಿ ಅಥವಾ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಅಂಟಿಸಿ ಎನ್ನುವ ಮಾದರಿಗಳೂ ಬಂದಿವೆ.

ಮನೆಯಲ್ಲಿ ಮಕ್ಕಳೋ ಹಿರಿಯರೋ ಹೀಗೆ ಮಾಡಿರಬಹುದೆಂಬ ಅನುಮಾನವಿದ್ದರೆ ಪತ್ತೆ ಮಾಡಲು ದಾರಿಯಿದೆ. ರನ್ ಪೆಟ್ಟಿಗೆಯಲ್ಲಿ ಟೈಪಿಸಿದ್ದನ್ನು ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ. ಪೆಟ್ಟಿಗೆ ತೆರೆದು ಬಲಗಡೆಯ ಬಾಣದ ಗುರುತು ಒತ್ತಿದರೆ ಹಳೆಯ ಸಾಲುಗಳು ಬರುತ್ತವೆ. ಎಂಟರ್ ಮಾತ್ರ ಒತ್ತಬೇಡಿ. ಪೂರ್ತಿ ನೋಡಬೇಕೆಂದರೆ ವಿಂಡೋಸ್‌ನ ಒಳದಾಖಲೆ ತೋರಿಸುವ ರಿಜಿಸ್ಟ್ರಿ ಎಡಿಟರ್‌ನಲ್ಲಿ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್ ದಾಟಿ ‘ರನ್‌ಎಂಆರ್‌ಯು’ ಎಂಬಲ್ಲಿ ನೋಡಿ. ಪವರ್‌ಶೆಲ್, ಎಂಎಸ್‌ಎಚ್‌ಟಿಎ, ಕರ್ಲ್ ಎಂಬ ಹೆಸರಿನೊಡನೆ ಯಾವುದೋ ಅಪರಿಚಿತ ವಿಳಾಸ ಇದ್ದರೆ ಆದೇಶ ಓಡಿದೆ ಎಂದೇ ತಿಳಿಯಬೇಕು. ಖಾಲಿಯಿದ್ದರೆ ಪೂರ್ತಿ ನಿಶ್ಚಿಂತೆ ಬೇಡ, ಈ ಸಾಲುಗಳನ್ನು ಅಳಿಸಿ ಹೋಗುವ ಕುತಂತ್ರಾಂಶವೂ ಇರುತ್ತದೆ.

ಆದೇಶ ಓಡಿದೆ, ಅಥವಾ ಕಡತ ತೆರೆದಾಗಿದೆ ಎಂದು ಖಾತ್ರಿಯಾದರೆ ಸ್ಕ್ಯಾನ್ ಆಮೇಲಿನ ಕೆಲಸ. ಮೊದಲನೆಯದು ವೈಫೈ ಆರಿಸುವುದು ಅಥವಾ ಕೇಬಲ್ ಕೀಳುವುದು. ಅದಾದ ಕೂಡಲೇ ಬೇರೊಂದು ಸಾಧನ ಹಿಡಿದು, ಅಂದರೆ ಮೊಬೈಲ್ ಡೇಟಾದಲ್ಲಿರುವ ನಿಮ್ಮ ಫೋನಿನಿಂದ, ಪಾಸ್‌ವರ್ಡ್‌ಗಳನ್ನು ಬದಲಿಸುವುದು. ಇಂಥ ದಾಳಿಗಳಲ್ಲಿ ಹೆಚ್ಚಾಗಿ ಇಳಿಯುವುದು ಮಾಹಿತಿ ಕದಿಯುವ ಕುತಂತ್ರಾಂಶ. ಲುಮಾ ಎಂಬುದು ಅವುಗಳಲ್ಲಿ ಒಂದು. 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಅದು ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಕುಕಿಗಳನ್ನು ದೋಚಿಕೊಂಡು ಹೊರಡಲು ಈ ಜಾತಿಗೆ ಕೆಲವೇ ನಿಮಿಷ ಸಾಕು. ಕೆಲಸ ಮುಗಿಸಿ ತನ್ನನ್ನು ತಾನೇ ಅಳಿಸಿಕೊಳ್ಳುವುದೂ ಉಂಟು. ಆಮೇಲೆ ನೀವು ಎಷ್ಟೇ ಸ್ಕ್ಯಾನ್ ಮಾಡಿ, ಹಸಿರು ಟಿಕ್ ಬರುತ್ತದೆ. ‘ಏನೂ ಇಲ್ಲ’ ಎಂದು ಜನ ನಿಟ್ಟುಸಿರು ಬಿಡುತ್ತಾರೆ. ಕಳ್ಳ ಮನೆಯಲ್ಲಿಲ್ಲ ಎಂಬುದಕ್ಕೆ ಮಾತ್ರ ಆ ಟಿಕ್ ಸಾಕ್ಷಿ, ಕಳವಾಗಿಲ್ಲ ಎಂಬುದಕ್ಕಲ್ಲ.

ಪಾಸ್‌ವರ್ಡ್ ಬದಲಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಇಮೇಲ್, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೇ ಬರುತ್ತದೆ. ನಂತರ ನೆಟ್ ಬ್ಯಾಂಕಿಂಗ್, ಡಿಮ್ಯಾಟ್, ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದವು. ಪಾಸ್‌ವರ್ಡ್ ಬದಲಿಸಿದರೆ ಮುಗಿಯಲಿಲ್ಲ. ಕುಕಿ ಎಂದರೆ ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ತಾಣ ಕೊಟ್ಟ ಚೀಟಿ; ಅದು ಕೈಗೆ ಸಿಕ್ಕವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಬೇಕು. ಗೂಗಲ್ ಖಾತೆಯಲ್ಲಿ ಸೆಕ್ಯುರಿಟಿ ವಿಭಾಗದ ‘ಯುವರ್ ಡಿವೈಸಸ್’ ಪಟ್ಟಿ ನೋಡಿ, ಗುರುತಿಲ್ಲದ್ದನ್ನು ತೆಗೆಯಿರಿ. ಜಿಮೇಲ್‌ನ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಪುಟವನ್ನೂ ತೆರೆಯಿರಿ. ನಿಮ್ಮ ಪತ್ರಗಳೆಲ್ಲ ಬೇರೆ ವಿಳಾಸಕ್ಕೆ ಹೋಗುವಂತೆ, ಬ್ಯಾಂಕಿನ ಪತ್ರಗಳು ಬಂದ ಕೂಡಲೇ ಅಳಿಯುವಂತೆ ಅಲ್ಲಿ ಯಾರಾದರೂ ನಿಯಮ ಬರೆದಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಉಳಿಯುತ್ತದೆ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಅನ್ನೂ ಖಾಲಿ ಮಾಡಿ. ಇದಿಷ್ಟನ್ನೂ ಅನುಮಾನದ ಕಂಪ್ಯೂಟರಿನಲ್ಲೇ ಕುಳಿತು ಮಾಡಿದರೆ ಹೊಸ ಪಾಸ್‌ವರ್ಡೂ ಹಳೆಯದರ ದಾರಿ ಹಿಡಿಯುತ್ತದೆ.

ಈಗ ಕಂಪ್ಯೂಟರಿಗೆ ಬರೋಣ. ವಿಂಡೋಸ್ 10 ಮತ್ತು 11ರಲ್ಲಿ ಜತೆಗೇ ಬರುವ ಡಿಫೆಂಡರ್ ಮನೆಯ ಮಟ್ಟಿಗೆ ಸಾಕಷ್ಟಾಯಿತು. ದುಡ್ಡು ಕೊಟ್ಟು ಕೊಳ್ಳಲೇಬೇಕೆಂಬುದು ಅಂಗಡಿಯವರ ಮಾತು. ‘ವಿಂಡೋಸ್ ಸೆಕ್ಯುರಿಟಿ’ ತೆರೆದು ವೈರಸ್ ವಿಭಾಗಕ್ಕೆ ಹೋಗಿ, ಸ್ಕ್ಯಾನ್ ಮಾಡುವ ಮುಂಚೆ ಎರಡು ಜಾಗ ನೋಡಿ. ಒಂದು, ‘ಎಕ್ಸ್‌ಕ್ಲೂಷನ್ಸ್’. ಇಲ್ಲಿ ಬರೆದ ಫೋಲ್ಡರ್‌ಗಳನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ, ಹಾಗಾಗಿ ಕುತಂತ್ರಾಂಶಗಳು ಒಳಬಂದೊಡನೆ ತಮ್ಮ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ, ಇಲ್ಲಿ ಸೇರಿಸುತ್ತವೆ. ವಿಂಡೋಸ್ ಅಥವಾ ಆಫೀಸನ್ನು ಕಳ್ಳದಾರಿಯಲ್ಲಿ ಆ್ಯಕ್ಟಿವೇಟ್ ಮಾಡಿಕೊಟ್ಟವರೂ ಇಲ್ಲಿ ಗುರುತು ಬಿಟ್ಟು ಹೋಗಿರುತ್ತಾರೆ. ನೀವು ಹಾಕದ ಸಾಲುಗಳನ್ನು ತೆಗೆದುಹಾಕಿ. ಇನ್ನೊಂದು, ‘ಪ್ರೊಟೆಕ್ಷನ್ ಹಿಸ್ಟರಿ’. ನೀವು ಬರೆದಿಟ್ಟುಕೊಂಡ ಹೊತ್ತಿನ ಆಸುಪಾಸಿನಲ್ಲಿ ಏನನ್ನಾದರೂ ತಡೆದಿದ್ದರೆ ಅಲ್ಲಿ ಹೆಸರು ಸಮೇತ ಇರುತ್ತದೆ.

ನಂತರ ವೈರಸ್ ಪಟ್ಟಿ ಅಪ್‌ಡೇಟ್ ಮಾಡಲಷ್ಟೇ ನೆಟ್ ಜೋಡಿಸಿ, ಮತ್ತೆ ತೆಗೆದು, ‘ಫುಲ್ ಸ್ಕ್ಯಾನ್’ ಹಾಕಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗುವುದು ವಾಸಿ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಮಾಡಿಟ್ಟುಕೊಳ್ಳಿ. ಮುಗಿದ ಮೇಲೆ ಅದೇ ಪಟ್ಟಿಯ ಕೊನೆಯ ‘ಆಫ್‌ಲೈನ್ ಸ್ಕ್ಯಾನ್’. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹದಿನೈದು ನಿಮಿಷದಷ್ಟು ಹುಡುಕುತ್ತದೆ. ವಿಂಡೋಸ್ ಎದ್ದ ಮೇಲೆ ಬಚ್ಚಿಟ್ಟುಕೊಳ್ಳಬಲ್ಲವು ಇಲ್ಲಿ ಸಿಕ್ಕಿಬೀಳುತ್ತವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇರಬಹುದು. ರೀಸ್ಟಾರ್ಟ್‌ನಲ್ಲಿ ಅದು 48 ಅಂಕಿಗಳ ರಿಕವರಿ ಕೀ ಕೇಳಿದರೆ ಕೈಕಾಲು ಆಡುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ಫೋನಿನಲ್ಲಿ ಮೊದಲೇ ನೋಡಿಕೊಳ್ಳಿ.

ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮೈಕ್ರೋಸಾಫ್ಟ್‌ನದೇ ‘ಸೇಫ್ಟಿ ಸ್ಕ್ಯಾನರ್’ ಇದೆ. ಇಳಿಸಿಕೊಂಡ 10 ದಿನಕ್ಕೆ ಅದು ಹಳತಾಗುತ್ತದೆ, ಮತ್ತೆ ಬೇಕಾದರೆ ಹೊಸದನ್ನೇ ಇಳಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಶುದ್ಧೀಕರಣ ಉಪಕರಣಗಳನ್ನು ಕೊಡುತ್ತಿದೆ. ಬಹಳ ಮಂದಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಸದಾ ಕಾವಲಿರುವ ಎರಡು ಆ್ಯಂಟಿವೈರಸ್‌ಗಳನ್ನು ಒಟ್ಟಿಗೆ ಹಾಕುವುದು ಮಾತ್ರ ಬೇಡ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬಂದು ಕಂಪ್ಯೂಟರ್ ತೆವಳುತ್ತದೆ.

ಸ್ಕ್ಯಾನರ್‌ಗಳು ಸುಮ್ಮನಿರುವ ಒಂದು ಜಾಗವಿದೆ. ಎನಿಡೆಸ್ಕ್, ನೆಟ್‌ಸಪೋರ್ಟ್‌ನಂಥ ದೂರನಿಯಂತ್ರಣ ತಂತ್ರಾಂಶಗಳು ಕಾನೂನುಬದ್ಧ ಸರಕು, ಹಾಗಾಗಿ ಹಲವು ಬಾರಿ ಆ್ಯಂಟಿವೈರಸ್ ಅವನ್ನು ಹಿಡಿಯುವುದಿಲ್ಲ. ನಕಲಿ ಅಪ್‌ಡೇಟ್ ಮಾಡುವವರು ಇದನ್ನೇ ಬಳಸಿಕೊಂಡು ನೆಟ್‌ಸಪೋರ್ಟನ್ನು ಯಾರಿಗೂ ಕಾಣದಂತೆ ಕೂರಿಸುತ್ತಾರೆ. ‘ಕ್ಲೈಂಟ್32’ ಎಂಬ ಪ್ರೋಗ್ರಾಂ ನಿಮ್ಮ ಆ್ಯಪ್‌ಡೇಟಾ ಅಥವಾ ಪ್ರೋಗ್ರಾಂಡೇಟಾ ಫೋಲ್ಡರಿನಿಂದ ಓಡುತ್ತಿದ್ದು, ಅದನ್ನು ನೀವು ಹಾಕಿಸಿಲ್ಲವಾದರೆ ಯಾರೋ ನಿಮ್ಮ ಪರದೆ ನೋಡುತ್ತಿದ್ದಾರೆ ಎಂದರ್ಥ. ಇದನ್ನೆಲ್ಲ ಒಂದೇ ಕಡೆ ನೋಡಲು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಉಚಿತ ‘ಆಟೋರನ್ಸ್’ಗೆ ಸಾಟಿಯಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡುವ ಆಯ್ಕೆ ಒತ್ತಿದರೆ ಉದ್ದದ ಪಟ್ಟಿ ಚಿಕ್ಕದಾಗುತ್ತದೆ. ಲಾಗಾನ್ ಮತ್ತು ಶೆಡ್ಯೂಲ್ಡ್ ಟಾಸ್ಕ್ಸ್ ಎಂಬ ಎರಡು ಪುಟ ನೋಡಿದರೆ ಮನೆಯ ಬಳಕೆದಾರರಿಗೆ ಬಹುಮಟ್ಟಿಗೆ ಸಾಕು. ಪ್ರಕಾಶಕರ ಹೆಸರಿಲ್ಲದೆ ಗುಲಾಬಿ ಬಣ್ಣದಲ್ಲಿರುವುದು, ಟೆಂಪ್ ಅಥವಾ ಆ್ಯಪ್‌ಡೇಟಾದಿಂದ ಓಡುವುದು, ಅರ್ಥವಿಲ್ಲದ ಅಕ್ಷರಗಳ ಹೆಸರಿರುವುದು, ನೀವು ಬರೆದಿಟ್ಟ ಹೊತ್ತಿಗೇ ಹುಟ್ಟಿದ್ದು, ಇವು ಕೂಡಿಬಂದರೆ ಅನುಮಾನ ಗಟ್ಟಿ. ಹಳದಿ ಸಾಲು ಕಂಡರೆ ಗಾಬರಿ ಬೇಡ, ಎಂದೋ ಅಳಿಸಿದ ಕಡತದ ಅವಶೇಷ ಅದು. ಅನುಮಾನದ ಸಾಲನ್ನು ಡಿಲೀಟ್ ಮಾಡುವ ಬದಲು ಎಡಗಡೆಯ ಟಿಕ್ ತೆಗೆಯಿರಿ, ತಪ್ಪಾಗಿದ್ದರೆ ಮತ್ತೆ ಹಾಕಬಹುದು. ‘ಎಸ್‌ವಿಸಿಹೋಸ್ಟ್’ ಎಂಬುದು ಟಾಸ್ಕ್ ಮ್ಯಾನೇಜರ್‌ನಲ್ಲಿ ಹತ್ತಾರು ಇರುವುದು ಸಹಜ. ಅದರ ಜಾಗ ಸಿಸ್ಟಮ್32 ಫೋಲ್ಡರ್ ಆಗಿರದಿದ್ದರೆ ಮಾತ್ರ ಅಸಹಜ.

ಬ್ರೌಸರ್‌ನಲ್ಲಿ ಗುರುತಿಲ್ಲದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿದ ಸಣ್ಣ ತಂತ್ರಾಂಶ) ತೆಗೆಯಿರಿ. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ (ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಂಪ್ಯೂಟರ್ ಮೂಲಕ ಹಾಯಿಸುವ ವ್ಯವಸ್ಥೆ) ಪುಟದಲ್ಲಿ ನೀವು ಹಾಕದ ವಿಳಾಸವಿದ್ದರೆ ಆರಿಸಿ. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಎಂದು ಪದೇ ಪದೇ ಬರುತ್ತಿದ್ದರೆ ಅದು ಬಹುಪಾಲು ವೈರಸ್ಸೇ ಅಲ್ಲ. ಯಾವುದೋ ತಾಣಕ್ಕೆ ‘ಅಲೋ’ ಒತ್ತಿದ್ದರಿಂದ ಬರುವ ನೋಟಿಫಿಕೇಷನ್. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ತಾಣದ ಅನುಮತಿ ಕಿತ್ತರೆ ನಿಂತುಹೋಗುತ್ತದೆ. ಇಷ್ಟಕ್ಕೇ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಹೊಡೆಸಿಕೊಂಡು ದುಡ್ಡು ಕೊಟ್ಟು ಬರುವವರಿದ್ದಾರೆ. ಪರದೆ ತುಂಬ ಎಚ್ಚರಿಕೆ, ಕಿರುಚುವ ದನಿ, ‘ಈ ನಂಬರಿಗೆ ಕರೆ ಮಾಡಿ’ ಎಂಬ ಪುಟವೂ ಇದೇ ಜಾತಿ. ಎಸ್ಕೇಪ್ ಒತ್ತಿ ಹಿಡಿಯಿರಿ, ಹೋಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ‘ರಿಸ್ಟೋರ್’ ಮಾಡಬೇಡಿ.

ಮ್ಯಾಕ್ ಇರುವವರೂ ಇದಕ್ಕೆ ಹೊರತಲ್ಲ. ಅಲ್ಲಿ ಆದೇಶ ಟೈಪಿಸುವ ಟರ್ಮಿನಲ್‌ನಲ್ಲಿ ಅಂಟಿಸಿ ಎನ್ನುತ್ತಾರೆ, ಮೇಲೆ ಲಾಗಿನ್ ಪಾಸ್‌ವರ್ಡ್ ಕೇಳುತ್ತಾರೆ. ಕೊಟ್ಟಿದ್ದರೆ ಮ್ಯಾಕ್ ಪಾಸ್‌ವರ್ಡ್‌ಗಳನ್ನು ಇಡುವ ಕೀಚೈನ್‌ನಲ್ಲಿದ್ದದ್ದೆಲ್ಲ ಹೋಯಿತೆಂದೇ ಹಿಡಿದು ಮೇಲಿನ ಕ್ರಮದಲ್ಲೇ ಖಾತೆಗಳನ್ನು ಭದ್ರ ಮಾಡಿ, ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಲಾಗಿನ್ ಐಟಮ್ಸ್’ ಪರೀಕ್ಷಿಸಿ.

ಎಲ್ಲ ನೋಡಿದ ಮೇಲೂ ಕಂಪ್ಯೂಟರ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕೇ? ಅಂಟಿಸಿದ ಆದೇಶ ಓಡಿದೆ ಎಂದು ಖಚಿತವಾಗಿದ್ದರೆ, ದೂರನಿಯಂತ್ರಣ ತಂತ್ರಾಂಶ ಸಿಕ್ಕಿದ್ದರೆ, ಅಥವಾ ಡಿಫೆಂಡರ್ ಆನ್ ಆಗಲು ಒಪ್ಪದಿದ್ದರೆ, ಹೌದು. ಒಳಗೆ ಕುಳಿತವನು ಇನ್ನೇನು ಬದಲಿಸಿದ್ದಾನೆಂದು ಒಂದೊಂದಾಗಿ ಹುಡುಕುವುದಕ್ಕಿಂತ ಇದು ಬೇಗ. ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಅಥವಾ ಹೆಚ್ಚಿನ ಪೆನ್ ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ನಿಂದ ವಿಂಡೋಸ್ ತುಂಬಿಸಿ ಅದರಿಂದ ಹಾಕುವುದು ಉತ್ತಮ. ಅದಾಗದಿದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ರಿಸೆಟ್ ದಿಸ್ ಪಿಸಿ’, ‘ರಿಮೂವ್ ಎವೆರಿಥಿಂಗ್’, ‘ಕ್ಲೌಡ್ ಡೌನ್‌ಲೋಡ್’ ಆರಿಸಿ. ಸುಮಾರು 4 ಜಿಬಿ ಡೇಟಾ ಬೇಕು. ಮುಂಚೆ ಫೋಟೊ, ಪಿಡಿಎಫ್, ವರ್ಡ್ ಕಡತಗಳನ್ನಷ್ಟೇ ತೆಗೆದಿಡಿ. ತಂತ್ರಾಂಶದ ಇನ್‌ಸ್ಟಾಲರ್‌ಗಳನ್ನು ತೆಗೆದಿಡಬೇಡಿ. ನುಡಿ, ಬರಹ ಮುಂತಾದವನ್ನೂ ಅವುಗಳ ಅಧಿಕೃತ ತಾಣಗಳಿಂದಲೇ ಹೊಸದಾಗಿ ಇಳಿಸಿಕೊಳ್ಳಿ. ಹಳೆಯ ಬ್ಯಾಕಪ್ ಇರುವ ಹಾರ್ಡ್ ಡಿಸ್ಕನ್ನು ಶುದ್ಧೀಕರಣ ಮುಗಿಯುವವರೆಗೆ ಜೋಡಿಸಲೇಬೇಡಿ.

ಹಣ ಹೋಗಿದ್ದರೆ 1930ಕ್ಕೆ ಕರೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಬ್ಯಾಂಕಿಗೆ ಲಿಖಿತ ಸೂಚನೆ, ಮೂರೂ ಅಂದೇ ಆಗಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಬ್ಯಾಂಕಿಗೆ ತಿಳಿಸಲು ಕೊಟ್ಟ ಮೂರು ಕೆಲಸದ ದಿನಗಳ ಗಡುವಿನ ಮೇಲೆ ನಿಂತಿತ್ತು. ಗ್ರಾಹಕನದೇ ನಿರ್ಲಕ್ಷ್ಯವಿದ್ದರೂ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ಅದು ಹೇಳಿತ್ತು. ಬ್ಯಾಂಕ್ ಕೊಟ್ಟ ದೂರಿನ ಸಂಖ್ಯೆ, ಹೊತ್ತು ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಹುಡುಕಾಟ ನೋಡುಗರ ತಲೆಗೆ ಬೀಳುವುದು ತಾಣದವರು ಬಾಯಿ ಬಿಡದಿರುವುದರಿಂದ. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ತಾಣಕ್ಕೆ ಬಂದು ಹೋದವರಿಗೂ ನಾಲ್ಕು ವಿಷಯ ತಿಳಿಸಲು ಆ 6 ಗಂಟೆಯಲ್ಲಿ ಜಾಗವಿದೆ: ತಾಣ ಯಾವ ದಿನದಿಂದ ಯಾವ ದಿನದವರೆಗೆ ಕೆಟ್ಟಿತ್ತು, ಯಾವ ಪುಟ, ಅದು ನೋಡುಗರಿಂದ ಏನು ಮಾಡಿಸುತ್ತಿತ್ತು, ಇಳಿಯುತ್ತಿದ್ದ ಕಡತದ ಹೆಸರೇನು. ಶಾಲೆ, ಸಹಕಾರ ಸಂಘ, ದೇವಸ್ಥಾನದ ಟ್ರಸ್ಟ್, ಪುರಸಭೆ, ಯಾರದೇ ತಾಣವಾಗಲಿ, ಮುಖಪುಟದಲ್ಲಿ ಕನಿಷ್ಠ ಒಂದು ತಿಂಗಳು ಈ ಸೂಚನೆ ಇರಬೇಕೆಂಬ ನಿಯಮವನ್ನು ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆ ತನ್ನ ಅಧೀನದ ತಾಣಗಳಿಂದಲೇ ಆರಂಭಿಸಬಹುದು. ವರದಿ ಬರೆಯುವ ನಿಮ್ಮ ಬಾತ್ಮೀದಾರರೂ ತಾಣದವರನ್ನು ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಸುದ್ದಿಯಲ್ಲೇ ಅಚ್ಚು ಹಾಕಲಿ. ಉತ್ತರ ಕೊಡದಿದ್ದರೆ ಕೊಡಲಿಲ್ಲವೆಂದೇ ಬರೆಯಲಿ.

– ಕಂಪ್ಯೂಟರ್ ತಂತ್ರಜ್ಞ, ಶಿವಮೊಗ್ಗ